ಮಿಶಿಗನ್‌ಗೆ ಒಂದು ಕೋಟು

ತೀರಿಹೋದ ಗಂಡನಿಗಾಗಿ ಮನೆಯಲ್ಲಿ ನಡೆದ ಒಂಬತ್ತು ದಿನದ ಜಪಮಾಲೆ ಪ್ರಾರ್ಥನೆ ಮುಗಿದಿತ್ತು. ನೆಂಟರೆಲ್ಲ ಹೊರಟುಹೋಗಿದ್ದರು. ಫ್ರಿಜ್ಜಿನಲ್ಲಿ ಯಾರೋ ತಂದುಕೊಟ್ಟ ತಮಾಲೆಗಳು, ಜೋಳದ ಹಿಟ್ಟಿನ ಕಡುಬುಗಳು, ಮಾತ್ರ ಉಳಿದಿದ್ದವು.

ಮರುದಿನ ಬೆಳಿಗ್ಗೆ ಯಾದಿರಾ ಗಂಡನ ವ್ಯಾನಿನ ಹಿಂಬಾಗಿಲು ತೆರೆದಳು. ಅವನು ಕೆಲಸ ಮಾಡುತ್ತಿದ್ದ ಎಸಿ ಕಂಪನಿಯವರು ಮಧ್ಯಾಹ್ನ ಅದನ್ನು ಒಯ್ಯಲು ಬರುವವರಿದ್ದರು.

ಸ್ಪ್ಯಾನರು, ತಾಮ್ರದ ಕೊಳವೆ, ಧೂಳು ಹಿಡಿದ ಫಿಲ್ಟರುಗಳು... ಅವುಗಳ ಹಿಂದೆ, ಪ್ಲಾಸ್ಟಿಕ್ ಚೀಲದೊಳಗೆ, ಒಂದು ಕೋಟು!

ದಪ್ಪನೆಯ, ಹತ್ತಿ ತುಂಬಿದ, ಹೆಂಗಸರ ಕೋಟು.

ಟೆಕ್ಸಸ್‌ನ ಈ ಗಡಿ ಊರಿನಲ್ಲಿ ಏಪ್ರಿಲ್‌ಗೇ ರಸ್ತೆಯ ಡಾಂಬರು ಮೆತ್ತಗಾಗುತ್ತದೆ. ಇಲ್ಲಿ ಇಂಥ ಕೋಟು ಯಾರಿಗೆ?

'ಯಾರದಿದು, ಎಲಿಯಾಸರ್?'

ಸತ್ತವನ ಮೇಲೂ ಅನುಮಾನವೇ! ಅವಳಿಗೆ ನಾಚಿಕೆಯಾಯಿತು. ಆದರೂ ಕೊರಳಪಟ್ಟಿ ಮಗುಚಿ ನೋಡಿದಳು. ಮಾಸಿದ ಶಾಯಿಯಲ್ಲಿ ಹೆಸರಿತ್ತು: ಓಫೇಲಿಯಾ.

ಕಾಲೇಜಿನ ಲ್ಯಾಬ್ ಸಾಮಾನು ನೋಡಿಕೊಳ್ಳುವ, ಎಲ್ಲರೂ ಗೌರವದಿಂದ 'ದೋನ್ಯಾ' ಎನ್ನುವ ಹಿರಿಯ ಹೆಂಗಸು, ದೋನ್ಯಾ ಓಫೇಲಿಯಾ!

ಎಲಿಯಾಸರ್‌ನನ್ನು ಯಾದಿರಾ ಮೊದಲು ಕಂಡದ್ದೂ ಆ ಲ್ಯಾಬಿನಲ್ಲೇ. ಎಸಿ ರಿಪೇರಿಗೆ ಬಂದವನು ಆಸಿಡ್ ಇಟ್ಟಿದ್ದ ಮೇಜಿನ ಮೇಲೇ ಒಂದು ಕಾಲಿಟ್ಟು ಹತ್ತಲು ಹೊರಟಿದ್ದ.

"ಏಯ್, ಇಳೀರಿ ಮೊದ್ಲು! ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ!"

"ಸಾರಿ, ಮಿಸ್..."

"ನಾನು ಮಿಸ್ ಅಲ್ಲ. ಸ್ಟೂಡೆಂಟು."

"ಹೌದಾ? ಹಾಗಾದ್ರೆ ಫೋನ್ ನಂಬರ್ ಕೇಳ್ಬಹುದು!"

ಮದುವೆಯಾದ ಮೇಲೂ ಯಾದಿರಾ ಓದು ಬಿಡಲಿಲ್ಲ. ಬೇಸಿಗೆಯ ಸಂಶೋಧನಾ ಇಂಟರ್ನ್‌ಶಿಪ್ ಬೇಕೆಂದು ಕಂಡ ಕಂಡ ವಿಶ್ವವಿದ್ಯಾಲಯಕ್ಕೆಲ್ಲ ಅರ್ಜಿ ಹಾಕಿದಳು. ಎರಡು ವರ್ಷದ ಕಮ್ಯೂನಿಟಿ ಕಾಲೇಜಿನವಳು ಎಂದೋ ಏನೋ, ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಕೊನೆಗೆ, ದೂರದ ಮಿಶಿಗನ್‌ನಿಂದ ಒಂದು 'ಹೌದು' ಬಂತು. ಮಣ್ಣಿನ ಸೂಕ್ಷ್ಮಜೀವಿಗಳ ಲ್ಯಾಬು. ಬೇಸಿಗೆಯಿಡೀ ಅಲ್ಲೇ ಇರಬೇಕು.

"ಹೋಗ್ಲಾ?" ಎಂದು ಗಂಡನನ್ನು ಕೇಳಿದ್ದಳು.

ಎಲಿಯಾಸರ್ ಬೂಟು ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ.

"ನಿನ್ನಿಷ್ಟ."

ನಿನ್ನಿಷ್ಟ! ಅವಳ ಅಮ್ಮ ಅಪ್ಪನಿಗೆ ಆ ಮಾತು ಹೇಳಿದ ದಿನ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. 'ಬೇಡ' ಎನ್ನಲಾಗದವರು ಆಡುವ ಮಾತು ಅದು...

ಅಂದು ಸಂಜೆಯೇ ಆ ಲ್ಯಾಬಿನವರಿಗೆ 'ಬರಲಾಗುವುದಿಲ್ಲ' ಎಂದು ಬರೆದು ಕಳಿಸಿದಳು. ಅವನಿಗೆ ಹೇಳಲಿಲ್ಲ. ತಾನಾಗಿ ಕೇಳಲಿ, ಆಗ ಹೇಳಿದರಾಯಿತು ಎಂದು ಬಿಗಿದುಕೊಂಡಿದ್ದಳು.

ಅವನು ಕೇಳಲಿಲ್ಲ. ಎಸಿ ರಿಪೇರಿಗೆಂದು ಹತ್ತಿದ್ದ ಯಾರದೋ ಮನೆಯ ಛಾವಣಿಯ ಮೇಲೆ, ಬಿಸಿಲಿಗೆ ಕುಸಿದುಬಿದ್ದವನು ಮತ್ತೆ ಏಳಲಿಲ್ಲ.

ಯಾದಿರಾ ಕೋಟು ಎತ್ತಿಕೊಂಡು ಕಾಲೇಜಿಗೆ ಹೋದಳು. ದೋನ್ಯಾ ಓಫೇಲಿಯಾ ಬೀಕರು ಒರೆಸುತ್ತಿದ್ದರು. ಕೋಟು ಕಂಡದ್ದೇ ಅವರ ಕೈ ನಿಂತಿತು.

"ನಿನಗೆ ಕೊಟ್ಟೇ ಇರ್ಲಿಲ್ವಾ ಅವನು?"

"ನನಗಾ?"

"ಇನ್ಯಾರಿಗೆ, ಮಗಳೇ? ನನ್ನ ಮದುವೆಯಾದ ಹೊಸದ್ರಲ್ಲಿ ನಾನೂ ನನ್ ಗಂಡಾನೂ ಬೀಟ್ ಗೆಡ್ಡೆ ಕೀಳೋ ಕೂಲಿಗೆ ಮಿಶಿಗನ್ ಕಡೆ ಹೋಗ್ತಿದ್ವಲ್ಲ, ಆಗಿಂದು ಇದು. 'ದೋನ್ಯಾ, ಎರವಲು ಕೊಡಿ, ನನ್ ಹೆಂಡ್ತಿ ವಿಜ್ಞಾನಿ ಆಗೋಕೆ ಮಿಶಿಗನ್‌ಗೆ ಹೋಗ್ತಿದಾಳೆ' ಅಂತ ಬಂದ. ಲೋ ಪೆದ್ದ, ಜೂನಲ್ಲಿ ಅಲ್ಲೂ ಸೆಕೆ ಕಣೋ ಅಂದೆ. ನಂಬಿದ್ರೆ ತಾನೆ! 'ಉತ್ತರದ ಕಡೆ ಅಂದ್ರೆ ಚಳೀನೇ. ನನ್ನ ಎಸಿ ಗಾಳಿಗೇ ಅವಳಿಗೆ ಸೀನು ಬರುತ್ತೆ' ಅಂದ. ಹೊರಡೋ ದಿನ ಕೊಡ್ತೀನಿ ಅಂತಿದ್ದ."

ಯಾದಿರಾಗೆ ನಗು ಬಂತು.

"ಆದ್ರೆ ನಾನು ಕೇಳ್ದಾಗ... ನಿನ್ನಿಷ್ಟ ಅಂದ. ಅಷ್ಟೇ."

"ಅದನ್ನೂ ಹೇಳ್ದ. 'ಹೋಗು ಅಂದ್ರೆ ನಾನು ಕಳಿಸ್ದಂಗೆ, ಬೇಡ ಅಂದ್ರೆ ನಾನು ತಡೆದಂಗೆ. ಅವಳು ಒದ್ದಾಡಿ ಗಿಟ್ಟಿಸಿದ್ದು, ಅವಳಿಷ್ಟಾನೇ ಆಗ್ಲಿ' ಅಂತ. ತಲೆ ಎತ್ತಿದ್ರೆ ಅಳು ಕಂಡುಬಿಡುತ್ತೆ ಅಂತ ಬೂಟು ಬಿಚ್ತಾನೇ ಕೂತಿದ್ನಂತೆ."

ಅಯ್ಯೋ... ಒಂದು ಸಲ ಅವನ ಗಲ್ಲ ಹಿಡಿದು ಎತ್ತಿದ್ದರೆ ಸಾಕಿತ್ತಲ್ಲ!

ಯಾದಿರಾ ಕೋಟನ್ನು ಮೇಜಿನ ಮೇಲಿಟ್ಟಳು.

"ತಗೊಳ್ಳಿ, ದೋನ್ಯಾ."

"ಇಟ್ಕೋ. ಹೋಗೋವಾಗ ಬೇಕಾಗುತ್ತೆ."

"ಹೋಗ್ತಿಲ್ಲ. ಅವತ್ತೇ ಬರಲ್ಲ ಅಂತ ಬರೆದ್ಬಿಟ್ಟೆ. ಆ ಜಾಗ ಬೇರೆ ಯಾರಿಗೋ ಹೋಯ್ತು."

ದೋನ್ಯಾ ಕೈಯಲ್ಲಿದ್ದ ಬೀಕರನ್ನು ಕೆಳಗಿಟ್ಟರು.

"ಅವನಿಗೆ ಗೊತ್ತಿತ್ತಾ?"

"ಇಲ್ಲ. ನಾನು ಹೊರಟಿದ್ದೀನಿ ಅಂದ್ಕೊಂಡೇ ಹೋದ."

ದೋನ್ಯಾ ಕೋಟನ್ನು ಎಳೆದುಕೊಂಡು ನಿಧಾನವಾಗಿ ಮಡಚಿದರು. "ಮುಂದಿನ ವರ್ಷ ಮತ್ತೆ ಅರ್ಜಿ ಹಾಕು, ಮಗಳೇ."

ಯಾದಿರಾ ಬಾಗಿಲ ಕಡೆ ತಿರುಗಿದಳು.

"ಮೊದ್ಲು, ಬರಲ್ಲ ಅಂತ ಬರೆದಿದ್ದನ್ನ ಅವನಿಗೆ ಹೇಳ್ಬೇಕು. ಇಲ್ಲಿಂದ ಸೀದಾ ಅವನ ಸಮಾಧಿ ಹತ್ರ ಹೋಗ್ತೀನಿ."

"ಹೋಗು. ಬೈದ್ರೆ ಬೈಲಿ."

"ಬೈಲಿ ಅಂತಾನೇ ಹೋಗ್ತಿರೋದು, ದೋನ್ಯಾ."