ರವೂಫನ ಕಾದಂಬರಿಗಳ ಹೆಣ್ಣು

"ನನ್ನ ನಾರ್ದೀನ್‌ಗೆ ಕತ್ತರಿ ಹಾಕಿದವರು ಯಾರು?"

ಪ್ರಕಾಶನದ ಕಚೇರಿಯ ಬಾಗಿಲಲ್ಲಿ ನಿಂತಿದ್ದವನು ಕಾದಂಬರಿಕಾರ ರವೂಫ್ ಬದ್ರಾನ್. ಅಲೆಕ್ಸಾಂಡ್ರಿಯಾದ ಟ್ರಾಮುಗಳಲ್ಲಿ ಅವನ ಪುಸ್ತಕ ಓದುತ್ತಾ ಹುಡುಗಿಯರು ಇಳಿಯುವ ನಿಲ್ದಾಣವನ್ನೇ ಮರೆಯುತ್ತಿದ್ದರು.

ಕರಡು ತಿದ್ದುತ್ತಿದ್ದ ಶಹೀರಾ ತಲೆಯೆತ್ತಿದಳು. ಕೈಯಲ್ಲಿದ್ದ ಪೆನ್ನು ಕೆಳಗಿಡಲಿಲ್ಲ.

"ನಾನೇ, ಉಸ್ತಾದರೇ. ನಿಮ್ಮ ನಾಯಕಿ ತಲೆ ಬಾಚೋದಕ್ಕೇ ಒಂದು ಅಧ್ಯಾಯ ಬರೆದಿದ್ದೀರಿ. ಅಷ್ಟೊತ್ತಿಗೆ ನಮ್ಮಮ್ಮ ಮದುವೆ ಮನೆ ಅಡುಗೆ ಮುಗಿಸ್ತಾಳೆ."

ಅವನು ನಕ್ಕುಬಿಟ್ಟ. ಆ ನಗುವಿಗೇ ಅವಳು ಸೋತಳು...

ಸಂಜೆಗಳು ಕಡಲದಂಡೆಯಲ್ಲಿ ಕಳೆದವು. ಮನೆಯವರು ಒಪ್ಪಿದರು, ನಿಶ್ಚಿತಾರ್ಥವಾಯಿತು.

ಆದರೆ ನಾರ್ದೀನ್ ಅವನ ಪುಸ್ತಕಗಳಿಂದ ಹೋಗಲಿಲ್ಲ. ಮೊದಲ ಕಾದಂಬರಿಯಲ್ಲಿ ಬೆಸ್ತರ ಮಗಳು, ಎರಡನೆಯದರಲ್ಲಿ ವಿಧವೆ, ಮೂರನೆಯದರಲ್ಲಿ ಗಾಯಕಿ. ಹೆಸರು ಅದೇ, ಸೀಳಿದ ಎಡಹುಬ್ಬೂ ಅದೇ. ಯಾರವಳು ಎಂದು ಕೇಳಿದರೆ, ಬರೀ ಕಲ್ಪನೆ ಎನ್ನುತ್ತಿದ್ದ.

ಈಗ ನಾಲ್ಕನೆಯದರಲ್ಲೂ ಅವಳೇ. ತನ್ನವನು ಇನ್ನೊಬ್ಬಳನ್ನು ಮುದ್ದಿಸಿದ ವಾಕ್ಯಗಳಿಗೆ ಶಹೀರಾಳೇ ಅಲ್ಪವಿರಾಮ ಹಾಕಬೇಕು! 'ನನಗೆ ಅಂತ ಒಂದು ಸಾಲೂ ಇಲ್ಲವಲ್ಲ...'

ಪುಸ್ತಕ ಬಿಡುಗಡೆಯ ದಿನ ರವೂಫ್ ವೇದಿಕೆಯ ಮೇಲಿದ್ದಾಗ, ಮಾರಾಟದ ಮೇಜಿನ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ಎಡಹುಬ್ಬು ಸೀಳಿತ್ತು.

ಶಹೀರಾಳ ನಾಲಿಗೆಯ ತುದಿಯಲ್ಲಿ ವಿಷದಂಥ ಮಾತು ಸಿದ್ಧವಾಗಿತ್ತು.

"ನಾನು ಸಾಫಿನಾಜ್. ನೀನೇ ತಾನೇ ಅವನ್ನ ಮದುವೆ ಆಗೋಳು?" ಹೆಂಗಸು ಮೆಲ್ಲಗೆ ಕೇಳಿದಳು. "ನಾನು ಮರೀಬೇಕು ಅಂದ್ಕೊಂಡಿದ್ದನ್ನೆಲ್ಲ ಅವನು ಅಚ್ಚು ಹಾಕಿಸ್ತಾನೆ. ಸಂತೇಲಿ ಜನ ನನ್ನ ಹುಬ್ಬು ನೋಡಿ ಪಿಸುಗುಡ್ತಾರೆ. ನನ್ನ ಮಗಳು ಓದೋ ವಯಸ್ಸಿಗೆ ಬಂದಳು. ಸಾಕು ಅಂತ ನೀನಾದ್ರೂ ಹೇಳಮ್ಮ."

ಉತ್ತರಕ್ಕೂ ಕಾಯದೆ ಆಕೆ ಹೊರಟುಹೋದಳು. ವಿಷ ಶಹೀರಾಳ ಗಂಟಲಲ್ಲೇ ಉಳಿಯಿತು.

ಜನ ಕರಗಿದ ಮೇಲೆ ಅವಳು ಉಂಗುರ ತೆಗೆದು ಅವನ ಮುಂದಿಟ್ಟು, ಆಕೆ ಹೇಳಿದ್ದನ್ನು ಹೇಳಿದಳು. ರವೂಫ್ ಎಲ್ಲವನ್ನೂ ಒಪ್ಪಿಕೊಂಡ. ಕಥೆ ಬರೆಯುವವನಿಗೆ ಹೆಣ್ಣು ಕೊಡುವುದಿಲ್ಲವೆಂದು ಸಾಫಿನಾಜಳ ತಂದೆ ಹಿಂದೆ ಅವರಿಬ್ಬರ ಸಂಬಂಧ ಮುರಿದಿದ್ದ. ಪ್ರೀತಿ ಎಂದೋ ಮುಗಿದಿತ್ತು, ಚಪ್ಪಾಳೆ ಮುಗಿದಿರಲಿಲ್ಲ. ನಾರ್ದೀನ್ ಇಲ್ಲದಿದ್ದರೆ ತನ್ನನ್ನು ಯಾರು ಓದುತ್ತಾರೆಂಬ ಭಯ ಅವನಿಗೆ.

"ನಾನು ಸುಳ್ಳು ಹೇಳಿದೆ," ಎಂದ.

ಹೊರಟ ಅವಳು ಹಿಂತಿರುಗಿ ನೋಡಲಿಲ್ಲ.

ರವೂಫ್ ಆ ನಾಲ್ಕೂ ಪುಸ್ತಕಗಳ ಮರುಮುದ್ರಣ ನಿಲ್ಲಿಸಿದ. ಸಾಫಿನಾಜಳ ಮನೆಗೆ ಹೋಗಿ, ಅವಳ ಗಂಡನ ಎದುರೇ ಕ್ಷಮೆ ಕೇಳಿದ. ಮರುವರ್ಷ ಬಂದ ಕಾದಂಬರಿ ಒಬ್ಬ ಮುದಿ ಟ್ರಾಮ್ ಚಾಲಕನದು. ನಾರ್ದೀನ್ ಎಲ್ಲಿ ಎಂದು ಓದುಗರು ಸಿಟ್ಟಾದರು.

ಅದನ್ನು ಶಹೀರಾ ಒಂದೇ ಉಸಿರಿಗೆ ಓದಿ ಮುಗಿಸಿ, ತಾನೇ ಅವನಿಗೆ ಕರೆ ಮಾಡಿದಳು. ಕಡಲದಂಡೆಯ ಕಟ್ಟೆಯ ಮೇಲೆ ಅವನು ಸಂಕೋಚದಿಂದ ದೂರವೇ ಕೂತ.

"ಪತ್ರಿಕೆಯವರು ಬದ್ರಾನ್ ಕಥೆ ಮುಗೀತು ಅಂತ ಬರೆದಿದ್ದಾರೆ," ಎಂದಳು.

"ಓದಿದೆ."

"ನನಗೆ ಇಷ್ಟ ಆಯ್ತು."

ಅವನ ಕಣ್ಣು ತುಂಬಿತು. "ನಿನ್ನ ಬಗ್ಗೆ ಯಾಕೆ ಬರೀಲಿಲ್ಲ ಗೊತ್ತಾ? ನಾನು ಬರೆಯೋದು ಕಳ್ಕೊಂಡವರನ್ನ. ನಿನ್ನ ಕಳ್ಕೊಳ್ಳೋಕೆ ನನಗೆ ಧೈರ್ಯ ಇಲ್ಲ, ಶಹೀರಾ..."

"ಬರೀಬೇಡಿ. ಏನಿದ್ರೂ ನನಗೇ ಹೇಳಿ."

"ಈಗ್ಲೇನಾ?"

"ಹ್ಞೂಂ. ಅಲೆ ಸದ್ದಿಗೆ ಅಷ್ಟು ದೂರದಿಂದ ಏನೂ ಕೇಳ್ಸಲ್ಲ... ಹತ್ತಿರ ಬನ್ನಿ."