ಇಪ್ಪತ್ತೇಳನೇ ಚೀಲ

ಚೀಲದ ಬಾಯಿ ಬಿಚ್ಚಿದ ಪ್ರೊಫೆಸರ್ ಗುರುಸಂಗಪ್ಪನವರು ಹಾಗೇ ಮಂಚದ ಮೇಲೆ ಕುಸಿದು ಕೂತರು. ಒಳಗೆ ಇರಬೇಕಾದದ್ದು ಕೆಂಪು ಜೋಳ. ಇದ್ದದ್ದು ಬಿಳಿ ಜೋಳ.

ಅದು ೧೯೯೮ರ ಸೆಪ್ಟೆಂಬರ್. ಹಡಗಲಿಯ ಹೊರಗಿದ್ದ ವಿಶ್ವವಿದ್ಯಾಲಯದ ಅತಿಥಿಗೃಹದಲ್ಲಿ ಅವರು ಇಪ್ಪತ್ತು ದಿನದಿಂದ ಉಳಿದಿದ್ದರು. ಧಾರವಾಡದ ಕಡೆಯ ಬೀಜವಿಜ್ಞಾನಿ. ಚಿಗಟೇರಿ, ಹಂಪಸಾಗರ, ಮಾಗಳ ಅಂತ ಹಳ್ಳಿ ಹಳ್ಳಿ ತಿರುಗಿ, ಕಾಣೆಯಾಗುತ್ತಿದ್ದ ನಾಟಿ ಬೀಜಗಳನ್ನು ನಲವತ್ತು ಬಟ್ಟೆಚೀಲಗಳಲ್ಲಿ ಕೂಡಿಸಿದ್ದರು. ಇಪ್ಪತ್ತೇಳನೆಯದು ಮಾಗಳದ ಬಾಣಂತಿ ಜೋಳ. ಹೆತ್ತ ಹೆಂಗಸರಿಗೆ ಗಂಜಿ ಕಾಯಿಸಿ ಕೊಡುವ ಸಣ್ಣ ಕಾಳು. ಬೇರೆ ಯಾವ ಊರಲ್ಲೂ ಅದು ಅವರಿಗೆ ಸಿಕ್ಕಿರಲಿಲ್ಲ. ಇವತ್ತು ಮಧ್ಯಾಹ್ನದ ಬಸ್ಸಿಗೆ ಹೊರಡುವವರಿದ್ದರು.

ಜೋಳ ಕಳುವಾಗಿದೆ ಎಂದು ಫೋನ್ ಬಂದಾಗ ಠಾಣೆಯಲ್ಲಿ ಎಲ್ಲರೂ ನಕ್ಕರು. ದಫೇದಾರ್ ಜಂಬುನಾಥ ನಗಲಿಲ್ಲ. ಅವನದು ಕುರಿ ಸಾಕುವ, ಎರೆಹೊಲ ಮಾಡುವ ಮನೆತನ. ಟೋಪಿ ಹಾಕಿಕೊಂಡು ಸೈಕಲ್ ಹತ್ತಿದ.

* * *

ಬೀಗ ಮುರಿದಿರಲಿಲ್ಲ. ಕಿಟಕಿಯ ಸರಳು ನೆಟ್ಟಗಿದ್ದವು. ಬೆಳಿಗ್ಗೆ ತಿರುಗಾಡಲು ಹೋಗುವಾಗ ಪ್ರೊಫೆಸರು ಕೀಲಿಕೈಯನ್ನು ಆಫೀಸಿನ ಮೊಳೆಗೆ ಹಾಕಿ ಹೋಗುತ್ತಿದ್ದರು. ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು.

ಮ್ಯಾನೇಜರ್ ಹಾಲೇಶಪ್ಪ ಕೇಳುವ ಮೊದಲೇ ಪಕ್ಕದ ಕೋಣೆಯತ್ತ ಬೆರಳು ತೋರಿಸಿದ. ಅಲ್ಲಿದ್ದವನು ಅಮರೇಶ್, ಒಂದು ತಿಂಗಳ ಪಾಠಕ್ಕೆಂದು ಬಂದ ಮೇಷ್ಟ್ರು. ಯಾವುದೋ ಬೀಜದ ಕಂಪನಿಯವರ ಜೊತೆ ಅವನಿಗೆ ಪತ್ರ ವ್ಯವಹಾರ ಇದೆ ಎಂದ. ಪ್ರೊಫೆಸರನ್ನು ಹುಡುಕಿಕೊಂಡು ಬೇರೆ ಯಾರಾದರೂ ಬಂದಿದ್ದರೇ ಎಂದು ಜಂಬುನಾಥ ಕೇಳಿದ. ಹಾಲೇಶಪ್ಪ ಕನ್ನಡಕ ಒರೆಸಿಕೊಳ್ಳುತ್ತ, ಯಾರೂ ಇಲ್ಲ ಎಂದ.

ಅಮರೇಶನ ಮೇಜಿನ ಮೇಲೆ ಕಂಪನಿಯ ಕಾಗದ ಇತ್ತು. ಅವನು ಮುಚ್ಚಿಡಲಿಲ್ಲ. ಆ ಜೋಳದ ಸ್ಯಾಂಪಲ್ ಕೊಡಿ ಎಂದು ಪ್ರೊಫೆಸರನ್ನು ಎರಡು ಸಲ ಕೇಳಿದ್ದನಂತೆ. ಅವರು ಕೊಟ್ಟಿರಲಿಲ್ಲ.

"ಕಂಪನಿಗೆ ಒಂದು ಹಿಡಿ ಸಾಕು ಸರ್," ಎಂದ. "ಹಿಡಿ ಜೋಳ ತಗೊಂಡ್ರೆ ಯಾರಿಗೂ ಗೊತ್ತೇ ಆಗ್ತಿರಲಿಲ್ಲ. ಬೇರೆ ಕಾಳು ತಂದು ಯಾಕೆ ತುಂಬಲಿ?"

ಮಾತು ಸರಿ ಇತ್ತು. ಜಂಬುನಾಥ ವಾಪಸು ಬಂದು ನೆಲಕ್ಕೆ ಪೇಪರು ಹಾಸಿದ. ಚೀಲವನ್ನು ನಿಧಾನಕ್ಕೆ ಸುರಿದ.

ಮೇಲೆ ಬಿಳಿ ಜೋಳ. ನಡುವೆ ಚೀಲದ ಅಳತೆಗೆ ದುಂಡಗೆ ಕತ್ತರಿಸಿದ ಒಂದು ಮುತ್ತುಗದ ಎಲೆ. ಅದರ ಕೆಳಗೆ ಕೆಂಪು ಜೋಳ, ಸರಿಯಾಗಿ ಅರ್ಧ ಚೀಲ.

ಪ್ರೊಫೆಸರು ಬಗ್ಗಿ ಕೆಂಪು ಕಾಳನ್ನು ಮುಟ್ಟಿ ನೋಡಿದರು. ಜಂಬುನಾಥ ಬಿಳಿ ಕಾಳನ್ನು ಅಂಗೈಯಲ್ಲಿ ಹರಡಿದ. ಒಂದು ಹರಳಿಲ್ಲ, ಒಂದು ಹೊಟ್ಟಿಲ್ಲ. ಮೊರದಲ್ಲಿ ಹಸನು ಮಾಡಿದ ಕಾಳು.

"ಸರ, ಇದನ್ನ ಯಾರು ಕೊಟ್ಟಿದ್ರು?"

ಪ್ರೊಫೆಸರು ನೋಟ್‌ಬುಕ್ ತೆಗೆದರು. ಮಾಗಳದ ಸುಮಲತಾ ಎಂಬ ಸೊಸೆ, ಬೀಜ ಕಾಯ್ದಿಡುವ ಸೋರೆಬುರುಡೆಯಲ್ಲಿದ್ದದ್ದನ್ನೆಲ್ಲ ಸುರಿದು ಕೊಟ್ಟಿದ್ದಳು. ಅತ್ತೆ ಊರಲ್ಲಿರಲಿಲ್ಲ.

"ಅವರ ಮನ್ಯಾಗ ಬಿತ್ತಾಕ ಏನರ ಉಳಿದಿತ್ತೇನ್ರಿ?"

ಪ್ರೊಫೆಸರು ನೋಟ್‌ಬುಕ್ ಮುಚ್ಚಿದರು. ಅದನ್ನವರು ಕೇಳಿರಲಿಲ್ಲ.

* * *

ಅಡುಗೆಮನೆಯಲ್ಲಿ ನಾಗಲಿಂಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಹನ್ನೊಂದು ವರ್ಷದಿಂದ ಅಲ್ಲಿ ಅಡುಗೆಯವಳು. ಮೂಲೆಯಲ್ಲಿ ಮುತ್ತುಗದ ಎಲೆಯ ಕಟ್ಟು, ಮೊರದಲ್ಲಿ ಹಸನಾದ ಬಿಳಿ ಜೋಳ. ಜಂಬುನಾಥ ಒಂದು ಮಣೆ ಎಳೆದುಕೊಂಡು ಕೂತ. ತವರು ಯಾವುದು ಎಂದಷ್ಟೇ ಕೇಳಿದ.

"ಮಾಗಳ," ಎಂದಳು. ಬಡಿಯುವ ಕೈ ನಿಂತಿತು.

"ಎಲಿ ಯಾಕ ಹಾಸಿದಿ ಯಕ್ಕಾ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಎರಡೂ ಕೂಡಿದ್ರ ಬೀಜ ಕೆಡ್ತೈತ್ರಿ. ಸಾಹೇಬ್ರ ಪಾಲು ಸಾಹೇಬ್ರಿಗೆ ಚೊಕ್ಕ ಇರ್ಲಿ ಅಂತ."

ಆಮೇಲೆ ಎಲ್ಲ ಹೇಳಿದಳು. ಸುಮಲತಾ ಅವಳ ತಮ್ಮನ ಹೆಂಡತಿ. ದೊಡ್ಡ ಮನುಷ್ಯರು ಕೇಳಿದರಲ್ಲ ಎಂದು ಇದ್ದದ್ದೆಲ್ಲ ಕೊಟ್ಟಿದ್ದಳು. ಪರಊರಿನಿಂದ ತಿರುಗಿ ಬಂದ ತನ್ನ ತಾಯಿ, ಸುಮಲತಾಳ ಅತ್ತೆ ಎರ್ರಮ್ಮ, ಬರಿದಾದ ಬುರುಡೆ ನೋಡಿ ಅನ್ನ ಬಿಟ್ಟಳು, ಸೊಸೆಯ ಜೊತೆ ಮಾತು ಬಿಟ್ಟಳು. ಬಸ್ ಹತ್ತಿ ಇಲ್ಲಿಗೇ ಬಂದು ಗೇಟಿನಲ್ಲಿ ಕೂತಳು. ಹಾಲೇಶಪ್ಪ ಅವಳನ್ನು ಒಳಗೆ ಬಿಡಲಿಲ್ಲ. ಅದು ಸರಕಾರಿ ಮಾಲು, ಕೇಳಂಗಿಲ್ಲ ಎಂದ. ಅತಿಥಿಗಳ ಕಿವಿಗೆ ಈ ಸುದ್ದಿ ಹಾಕಿದರೆ ಕೆಲಸ ಹೋದಂತೆಯೇ ಎಂದು ನಾಗಲಿಂಗಮ್ಮನನ್ನು ಹೆದರಿಸಿದ.

"ಉತ್ತರಿ ಮಳಿ ಆಗೇತ್ರಿ. ಈ ಹದ ತಪ್ಪಿದ್ರ ಬೀಜನ ತೀರಿತು. ಅದಕ್ಕ ಮೊಳಿ ಮ್ಯಾಲಿನ ಕೀಲಿ ತಗೊಂಡು, ಅರ್ಧ ತಗದು ಅವ್ವಗ ಕಳಿಸೀನ್ರಿ," ಎಂದಳು ನಾಗಲಿಂಗಮ್ಮ.

* * *

ಪ್ರೊಫೆಸರ ಕೋಣೆಯಲ್ಲಿ ಎಲ್ಲರೂ ಸೇರಿದರು. ಜಂಬುನಾಥ ಬಿಡಿಸಿ ಹೇಳಿದ. ಮಾರುವವನು ಅರ್ಧ ಬಿಟ್ಟು ಹೋಗುವುದಿಲ್ಲ. ಸೇಡಿನವನು ಕಾಳು ಹಸನು ಮಾಡುವುದಿಲ್ಲ. ನಡುವೆ ಎಲೆ ಹಾಸಿದ್ದು ಬೀಜದ ಬೆಲೆ ಬಲ್ಲ ಕೈ. ಎಲೆ, ಮೊರ, ಜೋಳ ಮೂರೂ ಒಟ್ಟಿಗೆ ಇರುವುದು ಅಡುಗೆಮನೆಯಲ್ಲಿ. ಅಲ್ಲಿರುವವಳ ತವರು ಮಾಗಳ.

"ಯಾರೂ ಬಂದಿಲ್ಲ ಅಂದ್ರೆಲ್ಲ ಮ್ಯಾನೇಜರ್ರ," ಎಂದು ತಿರುಗಿದ. "ಆ ಮುದುಕಿ ಎಷ್ಟೊತ್ತು ಕುಂತಿದ್ಲು ಗೇಟಿನಾಗ?"

ಹಾಲೇಶಪ್ಪ ನೆಲ ನೋಡಿದ. ಬೆಳಿಗ್ಗೆಯಿಂದ ಸಂಜೀತನಕ ಎಂದ.

ಪ್ರೊಫೆಸರು ತಾವು ಬರೆದಿಟ್ಟಿದ್ದ ದೂರನ್ನು ನಾಲ್ಕಾಗಿ ಹರಿದರು. ಪೇಪರಿನ ಮೇಲಿದ್ದ ಕೆಂಪು ಜೋಳವನ್ನು ಚೀಲಕ್ಕೆ ತುಂಬಿ ಎತ್ತಿಕೊಂಡರು. "ಹಾಲೇಶಪ್ಪ, ಗೆಸ್ಟ್‌ಹೌಸಿನ ಜೀಪು ತೆಗೆಸ್ರಿ. ನಾಗಲಿಂಗಮ್ಮ, ನೀವೂ ಬರ್ರಿ," ಎಂದರು.

* * *

ಮಾಗಳದ ಹೊಲದಲ್ಲಿ ಬಿತ್ತುವ ಕೂರಿಗೆ ಕಟ್ಟಿದ್ದರು. ಎರ್ರಮ್ಮ ಬದುವಿನ ಮೇಲೆ ಕೂತಿದ್ದಳು. ಸುಮಲತಾ ದೂರದಲ್ಲಿ, ಬುತ್ತಿಯ ಹತ್ತಿರ, ತಲೆ ತಗ್ಗಿಸಿ ನಿಂತಿದ್ದಳು. ಪ್ರೊಫೆಸರು ಚಪ್ಪಲಿ ಬಿಟ್ಟು ಮುದುಕಿಯ ಎದುರು ಕೂತು, ಕೇಳಬೇಕಾದವರನ್ನು ಕೇಳದೆ ಒಯ್ದೆ, ತಪ್ಪು ನನ್ನದು ಎಂದರು.

"ನನ್ನ ಕೇಳಿದ್ರ ನಾನ ಅಳದು ಕೊಡ್ತಿದ್ನಪ್ಪ," ಎಂದಳು ಎರ್ರಮ್ಮ. ಅವರು ಚೀಲ ಮುಂದಿಟ್ಟರು. ಅವಳು ಅದರಿಂದ ಎರಡು ಬೊಗಸೆ ತೆಗೆದು ಅವರ ಟವೆಲ್ಲಿಗೆ ಹಾಕಿದಳು. ಇದು ನಿಮಗೆ, ಊರೂರಿಗೆ ಹಂಚ್ರಿ ಎಂದಳು.

ಆಮೇಲೆ ಸೊಸೆಯ ಕಡೆ ನೋಡಿದಳು. ಎಂಟು ದಿನದ ಮೇಲೆ ಮೊದಲ ಮಾತು.

"ಬಾ ಇಲ್ಲಿ. ಉಡಿ ಒಡ್ಡು."

ಸುಮಲತಾ ಅಳುತ್ತ ಬಂದು ಸೆರಗು ಒಡ್ಡಿದಳು. ಎರ್ರಮ್ಮ ಉಳಿದ ಜೋಳವನ್ನೆಲ್ಲ ಅದಕ್ಕೆ ಸುರಿದು ಗಂಟು ಕಟ್ಟಿದಳು.

"ನಮ್ಮವ್ವ ನನ್ನ ಉಡಿಯಾಗ ಕಟ್ಟಿ ಕಳಿಸಿದ ಬೀಜ ಇದು. ಇನ್ನ ಮ್ಯಾಲ ನಿಂದು. ಯಾರಿಗೆ ಎಷ್ಟು ಕೊಡಬೇಕು ಅನ್ನೋದು ನಿನಗ ಬಿಟ್ಟದ್ದು," ಎಂದು ಸೊಸೆಯ ಕೈ ಹಿಡಿದುಕೊಂಡು ಎದ್ದಳು. ಇಬ್ಬರೂ ಕೂರಿಗೆಯ ಕಡೆ ನಡೆದರು.