ಹೊರಮುಖದ ಹೆಜ್ಜೆ

ಬೆಟ್ಟಗಳು ಇನ್ನೂ ಮಾತನಾಡುತ್ತಿದ್ದ ಕಾಲದಲ್ಲಿ ನೀಲಾವತಿ ಎಂಬುದೊಂದು ರಾಜ್ಯವಿತ್ತು. ವಿಶಾಲಕೇತು ಅದರ ಅರಸ. ಧೂಮಾಂಗನೆಂಬ ಮಾಂತ್ರಿಕನು ಆ ರಾಜ್ಯದ ಕೆರೆಯನ್ನು ಒಂದು ಶಂಖದೊಳಗೆ ತುಂಬಿಕೊಂಡು ಬೆಟ್ಟದ ಮೇಲೆ ಕುಳಿತಿದ್ದ. ನೀಲಾವತಿಯ ಹಸಿರು ಪಟ್ಟಿ ಕಟ್ಟಿದವನೊಬ್ಬ ಮಾಂತ್ರಿಕನ ಮೂರು ಮೃಗಗಳನ್ನು ಬೆಟ್ಟದಿಂದ ಕೋಟೆಯ ಅಗಸೆಬಾಗಿಲವರೆಗಿನ ಓಟದಲ್ಲಿ ಸೋಲಿಸಿದರೆ ನೀರು ಬಿಡುವುದು, ಸೋತವನು ಕಲ್ಲಾಗುವುದು. ಇದು ಅವನ ಪಣ. ಕೋಟೆಯೊಳಗೆ ಹುಟ್ಟಿದ ವೀರರೆಲ್ಲ ಓಡಿ, ಕಲ್ಲಾಗಿ, ದಾರಿಯುದ್ದಕ್ಕೂ ನಿಂತಿದ್ದರು.

ಆ ರಾಜ್ಯಕ್ಕೊಂದು ಕಟ್ಟಳೆಯಿತ್ತು. ಕೋಟೆಯೊಳಗೆ ಹುಟ್ಟದವರು ಹಗಲೆಲ್ಲ ಒಳಗೆ ದುಡಿಯಬಹುದು. ದೀಪ ಹಚ್ಚುವ ಹೊತ್ತಿಗೆ ಅಗಸೆಬಾಗಿಲ ಆಚೆಗಿರಬೇಕು. ಹಾಗೆ ಹೊರಗೆ ಗುಡಿಸಲು ಹಾಕಿಕೊಂಡವರಲ್ಲಿ ಅಜೋರನೂ ಅವನ ತಾಯಿ ನೀಮಾಳೂ ಇದ್ದರು. ತಮ್ಮ ನಾಡನ್ನು ಮರಳು ನುಂಗಿದಾಗ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದವಳು ಆಕೆ. ಈಗ ಆ ಕೂಸು ಓಡಿದರೆ ಅದರ ನೆರಳೂ ಹಿಂದುಳಿಯುತ್ತಿತ್ತು.

ಅರಸ ಅಜೋರನನ್ನು ಕರೆಸಿ ಹಸಿರು ಪಟ್ಟಿ ಕೊಟ್ಟು, ಬೇಕಾದ್ದನ್ನು ಕೇಳೆಂದ.

“ಗೆದ್ದರೆ ನನ್ನ ಅವ್ವ ಕೋಟೆಯೊಳಗೆ ಮಲಗಬೇಕು, ಪ್ರಭೂ. ಹೊರಗೆ ತೋಳಗಳ ಕಾಟ.”

ಅರಸ ಮಾತು ಕೊಟ್ಟ.

ಮೊದಲ ದಿನ ಬೆಳ್ಳಿಯ ಜಿಂಕೆ ಬಂತು. ಅದು ನೆಗೆದಲ್ಲೆಲ್ಲ ಕಂದಕ ಬಾಯಿ ತೆರೆಯುತ್ತಿತ್ತು. ಅಜೋರ ಕಂದಕಗಳನ್ನು ಹಾರಿ ಗೆದ್ದ. ಕೋಟೆಯ ಮೇಲಿನ ಜನ “ನಮ್ಮ ಹುಡುಗ” ಎಂದು ಹೂವೆರಚಿದರು. ಸಂಜೆ ಕಾವಲುಗಾರರು ಅವನನ್ನು ಅಗಸೆಯಾಚೆ ಕಳಿಸಿದರು.

ಎರಡನೆಯ ದಿನ ಕಲ್ಲಿನ ಹಂದಿ ಬಂತು. ಅದು ತುಳಿದ ನೆಲ ಬಿರಿದು ಬೆಂಕಿಯುಗುಳುತ್ತಿತ್ತು. ಅಜೋರ ಪಾದ ಸುಟ್ಟುಕೊಂಡು, ಕೂದಲೆಳೆಯ ಅಂತರದಲ್ಲಿ ಗೆದ್ದ. ಮಂತ್ರಿ ದೀರ್ಘಬುದ್ಧಿ, ಎಲ್ಲ ನಮ್ಮ ಅನ್ನದ ಗುಣವೆಂದ. ಜನ ಹೌದೆಂದರು. ಸಂಜೆ ಕಾವಲುಗಾರರು ಅವನನ್ನು ಅಗಸೆಯಾಚೆ ಕಳಿಸಿದರು.

ಮೂರನೆಯ ದಿನ ಹೊಗೆಯ ಕುದುರೆ ಬಂತು. ಅದರ ಮೇವು ಮನುಷ್ಯರ ಮಾತು. ನಡುದಾರಿಯಲ್ಲಿ ಅಜೋರನ ಸುಟ್ಟ ಪಾದ ಎಡವಿತು, ಅವನು ಮುಗ್ಗರಿಸಿದ. ಕೂಡಲೇ ಕೋಟೆಯ ಮೇಲಿಂದ ಮಾತು ಉದುರಿತು. ಎಷ್ಟಾದರೂ ಹೊರಗಿನವನು, ಎಂದರು. ಇವನಿಗೇಕೆ ನಮ್ಮ ನೀರಿನ ಸಂಕಟ, ಎಂದರು. ಮಾಂತ್ರಿಕನಿಂದ ಎಷ್ಟು ತಿಂದನೋ, ಎಂದರು. ಒಂದೊಂದು ಮಾತಿಗೂ ಕುದುರೆ ಒಂದೊಂದು ಆಳೆತ್ತರ ಬೆಳೆಯಿತು. ಅಜೋರನ ಕಾಲುಗಳು ಹಿಮ್ಮಡಿಯಿಂದ ಕಲ್ಲಾಗತೊಡಗಿದವು.

ಆಗ ದಾರಿಯ ಬದಿಯಿಂದ ನೀಮಾ ಮಗನನ್ನು ಕೂಗಿದಳು. ಮರಳು ನುಂಗಿದ ನಾಡಿನ ನುಡಿಯಲ್ಲಿ ಕೂಗಿದಳು. ಕುದುರೆ ಬಾಯಿ ಹಾಕಿತು. ಆ ನುಡಿಯನ್ನು ಅದು ಎಂದೂ ಮೇಯ್ದಿರಲಿಲ್ಲ. ಆ ಮಾತು ಗಂಟಲಿಗೆ ಸಿಕ್ಕಿ ಕುದುರೆ ಕೆಮ್ಮುತ್ತ ನಿಂತಿತು. ಅಜೋರನ ಕಾಲಿನ ಕಲ್ಲು ಉದುರಿತು. ಅವನು ಎದ್ದ, ಓಡಿದ, ಅಗಸೆಯನ್ನು ಮುಟ್ಟಿದ. ಶಂಖ ಒಡೆಯಿತು. ಮಾಂತ್ರಿಕ ಬೂದಿಯಾದ. ಕೆರೆ ಬೆಟ್ಟವಿಳಿದು ಬಂತು. ಕಲ್ಲಾದವರೆಲ್ಲ ಮೈಮುರಿದು ತಂತಮ್ಮ ಮನೆಗೆ ನಡೆದರು.

ಗೆದ್ದವನ ಹೆಜ್ಜೆಯನ್ನು ಅಗಸೆಯ ಹೊಸ್ತಿಲಲ್ಲಿ ಕುಂಬಾರ ಇಟ್ಟ ಹಸಿಮಣ್ಣಿನ ಬಿಲ್ಲೆಯಲ್ಲಿ, ಬೆರಳು ಊರ ಕಡೆಗಿರುವಂತೆ, ಒತ್ತಿಸಿ, ಬಿಲ್ಲೆಯನ್ನು ಸುಟ್ಟು ಅಲ್ಲೇ ಕೂರಿಸುವುದು ಅಲ್ಲಿಯ ಪದ್ಧತಿ. ಕೋಟೆಯೊಳಗೆ ಹುಟ್ಟಿದವರಿಗೆ ಮಾತ್ರ ಆ ಗೌರವ. ಅದಕ್ಕೂ ದೀರ್ಘಬುದ್ಧಿ ಉಪಾಯ ಹುಡುಕಿದ. ಅಜೋರನು ಈ ಕೋಟೆಯೊಳಗೇ ಹುಟ್ಟಿದವನೆಂದು ಡಂಗುರ ಸಾರಿಸಿದ. ಜನ ಕುಣಿದರು.

ದೀಪ ಹಚ್ಚುವ ಹೊತ್ತಿಗೆ ನೀಮಾ ಗಂಟು ಹೊತ್ತು ಬಂದಳು. ಕಾವಲುಗಾರರು ಈಟಿಗಳನ್ನು ಅಡ್ಡ ಹಿಡಿದರು. ಒಳಗೆ ಅರಸನ ಪಕ್ಕದಲ್ಲಿ ನಿಂತಿದ್ದ ಅಜೋರ, ಅರಸ ಕೊಟ್ಟ ಮಾತನ್ನು ಮಂತ್ರಿಗೆ ನೆನಪಿಸಿದ.

“ಒಳಗೆ ಹುಟ್ಟಿದವನಿಗೆ ಹೊರಗೆ ತಾಯಿ ಎಲ್ಲಿಂದ ಬಂದಳಪ್ಪಾ?” ಎಂದ ಮಂತ್ರಿ ಮೆಲ್ಲಗೆ. “ಡಂಗುರ ಸುಳ್ಳಾಗಬಾರದಲ್ಲ.”

ಅಜೋರ ಅರಸನ ಮುಖ ನೋಡಿದ. ಅರಸ ಕೆರೆಯ ಕಡೆ ನೋಡುತ್ತಿದ್ದ.

ಅಜೋರ ಹಸಿರು ಪಟ್ಟಿಯನ್ನು ಬಿಚ್ಚಿ ಈಟಿಯೊಂದರ ಮೊನೆಗೆ ತೂಗುಹಾಕಿದ. ಹೊಸ್ತಿಲ ಹಸಿಮಣ್ಣಿನ ಮೇಲೆ ಸುಟ್ಟ ಪಾದವೂರಿ ಆಚೆಗೆ ದಾಟಿದ. ತಾಯಿಯ ತಲೆಯ ಮೇಲಿನ ಗಂಟನ್ನು ಇಳಿಸಿಕೊಂಡ.

“ಒಳಗೆ ಹೇಗಿದೆ ಮಗಾ?” ಎಂದಳು ನೀಮಾ.

“ನೀರು ಬಂದಿದೆ, ಅವ್ವಾ.”

ಆಮೇಲೆ ನೀಲಾವತಿಯಲ್ಲಿ ಮಳೆ ಬೆಳೆ ಚೆನ್ನಾಗಿ ಆಯಿತು. ಅರಸನೂ ಪ್ರಜೆಗಳೂ ನೂರ್ಕಾಲ ಸುಖವಾಗಿ ಬಾಳಿದರು. ಅಗಸೆಯಲ್ಲಿರುವ ಹೆಜ್ಜೆಗಳೆಲ್ಲ ಇಂದಿಗೂ ಊರೊಳಗೆ ಮುಖ ಮಾಡಿವೆ. ಒಂದು ಮಾತ್ರ ಹೊರಗೆ ಹೊರಟಿದೆ. ಅದೇಕೆಂದು ಮಕ್ಕಳು ಕೇಳಿದರೆ, ಕುಂಬಾರ ತಪ್ಪಿ ತಿರುಗಿಸಿಟ್ಟನೆಂದು ಹಿರಿಯರು ಹೇಳುತ್ತಾರೆ.